ಡ್ರಿಪ್ ತೆಗೆದ ಮೇಲೆ ಬರೀ ಮಾತ್ರೆ ಸಾಕಾ?

ಹೊಟ್ಟೆ ಹುಣ್ಣಿನಿಂದ ರಕ್ತ ಹೋಗಿ ಅಡ್ಮಿಟ್ ಆದವರ ಮನೆಯವರು ನಾಲ್ಕನೇ ದಿನ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ಡ್ರಿಪ್ ಯಾಕೆ ತೆಗೆದ್ರಿ? ಇನ್ನೆರಡು ದಿನ ಇರಲಿ." ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಓಡಿ ಬಂದವರಿಗೆ ಈ ಭಯ ಸಹಜ, ಅಲ್ವಾ?

ಆ ಡ್ರಿಪ್‌ನಲ್ಲಿ ಕೊಡುವುದು ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ಎಂಬ ಮದ್ದು. ಅದು ಹುಣ್ಣಿಗೆ ತಾಗಿ ಕೆಲಸ ಮಾಡುವುದಿಲ್ಲ. ನುಂಗಿದ ಮಾತ್ರೆ ಸಣ್ಣ ಕರುಳಿನಲ್ಲಿ ಕರಗಿ, ರಕ್ತಕ್ಕೆ ಸೇರಿ, ಅಲ್ಲಿಂದ ಜಠರದ ಗೋಡೆಗೆ ಬಂದು ಆಸಿಡ್ ಉತ್ಪಾದನೆ ತಗ್ಗಿಸುತ್ತದೆ. ಮಾತ್ರೆಯ ಮುಕ್ಕಾಲು ಪಾಲು ಮದ್ದು ರಕ್ತಕ್ಕೆ ಸಿಗುತ್ತದೆ. ಡ್ರಿಪ್‌ನಲ್ಲಿ ಹೋಗುವುದೂ ಅದೇ ಮದ್ದು.

ಹಾಗಾದರೆ ಮೊದಲು ಡ್ರಿಪ್ ಯಾಕೆ? ರಕ್ತ ವಾಂತಿ ಮಾಡುತ್ತಿರುವವರಿಗೆ ಮಾತ್ರೆ ನುಂಗಿಸಲಾಗದು, ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡುವ ಎಂಡೋಸ್ಕೋಪಿಗೆ ಹೊಟ್ಟೆಯೂ ಖಾಲಿ ಇರಬೇಕು. ಚಿಮ್ಮುವ ರಕ್ತನಾಳವನ್ನು ನಿಲ್ಲಿಸುವುದು ಎಂಡೋಸ್ಕೋಪಿಯಲ್ಲಿ ಹಾಕುವ ಕ್ಲಿಪ್, ಚುಚ್ಚುಮದ್ದು, ಶಾಖ. ಅಲ್ಲಿ ಕಟ್ಟಿದ ಹೆಪ್ಪನ್ನು ಆಸಿಡ್ ಕರಗಿಸದಂತೆ ಕಾಯುವುದಷ್ಟೇ ಮದ್ದಿನ ಕೆಲಸ. ಅದಕ್ಕೆ ಜಠರದ ಪಿಎಚ್ (ಆಸಿಡ್ ಕಡಿಮೆಯಾದಷ್ಟೂ ಏರುವ ಅಳತೆ) 6ಕ್ಕಿಂತ ಮೇಲಿರಬೇಕು. ರೂಢಿಯ ಕ್ರಮದಲ್ಲಿ ಮೊದಲು 80 ಮಿ.ಗ್ರಾಂ, ಆಮೇಲೆ ಗಂಟೆಗೆ 8 ಮಿ.ಗ್ರಾಂನಂತೆ 72 ಗಂಟೆ. ಮತ್ತೆ ರಕ್ತ ಒಸರುವ ಅಪಾಯ ಜಾಸ್ತಿ ಇರುವುದು ಈ ಮೂರು ದಿನಗಳಲ್ಲೇ. ಹುಣ್ಣಿನ ತಳ ಶುಭ್ರವಾಗಿದ್ದರೆ ಮೊದಲ ದಿನದಿಂದಲೇ ಮಾತ್ರೆ ಕೊಟ್ಟು ಊಟ ಮಾಡಿಸುತ್ತೇವೆ. ಅಂಥವರಿಗೆ ಸುಮ್ನೆ ಡ್ರಿಪ್ ಹಾಕಿದರೆ ಬಿಲ್ ಏರುತ್ತದೆ, ಅಷ್ಟೇ.

ನನಗೆ ಚಿಂತೆ ಇರುವುದು ಮನೆಗೆ ಹೋದ ಮೇಲಿನದು. ದೊಡ್ಡ ಹುಣ್ಣಾಗಿದ್ದವರಿಗೆ ಎರಡು ವಾರದವರೆಗೆ ದಿನಕ್ಕೆರಡು ಮಾತ್ರೆ, ಆಮೇಲೆ ಒಂದು. ತಿಂಡಿಗೆ ಅರ್ಧ ಗಂಟೆ ಮೊದಲೇ ನುಂಗಬೇಕು. ಉರಿ ನಿಂತಿತೆಂದು ಕೆಲವರು ವಾರಕ್ಕೇ ಬಿಡುತ್ತಾರೆ. ಅಡಿಕೆ ಕೊಯ್ಲು ಶುರುವಾದರೆ ಸೊಂಟ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ಬರುತ್ತದೆ. ಹುಣ್ಣು ತಂದದ್ದೇ ಅದು ಎಂದು ಹೇಳಿ ಕಳಿಸಿದ್ದರೂ! ಹಾರ್ಟಿಗೆ ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ಕೇಳದೆ ನಿಲ್ಲಿಸಬೇಡಿ.

ಹೊಟ್ಟೆ ಹುಣ್ಣು ತರುವ ಬ್ಯಾಕ್ಟೀರಿಯಾ ಹೆಲಿಕೋಬ್ಯಾಕ್ಟರ್ ಪೈಲೋರಿಯ ಪರೀಕ್ಷೆ ಮರೆಯಬೇಡಿ. ರಕ್ತ ಹೋಗುತ್ತಿದ್ದಾಗ ಮಾಡಿದ ಪರೀಕ್ಷೆಯಲ್ಲಿ ಈ ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳಬಹುದು. ನೆಗೆಟಿವ್ ಬಂದಿದ್ದರೆ ಮತ್ತೊಮ್ಮೆ ಮಾಡಿಸಬೇಕು.

ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಆದರೆ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆ ಬಂದು, ತಲೆ ಸುತ್ತಿದರೆ ಮಳೆ ಬಿಡಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ.