ಕಳಿಂಗ ಪ್ರಶಸ್ತಿ ಮತ್ತು ಜೋಡುಕರೆಯ ಲೆಕ್ಕ

ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಆಗಾಗ ಕೇಳುವ ಮಾತೊಂದಿದೆ. "ಅವರಾ? ಅವರು ಶಾಲೆ ಶಾಲೆಗೆ ಹೋಗಿ ಭಾಷಣ ಮಾಡ್ತಾರೆ, ಅಷ್ಟೆ." ಆ 'ಅಷ್ಟೆ'ಯಲ್ಲಿ ತೀರ್ಪು ಅಡಗಿದೆ. ನಿಜವಾದ ವಿಜ್ಞಾನಿ ಲ್ಯಾಬಿನಲ್ಲಿ ಇರುತ್ತಾನೆ, ಅಲ್ಲಿ ಕೈಲಾಗದವನು ಜನರಿಗೆ ಕಥೆ ಹೇಳುತ್ತಾನೆ ಅನ್ನುವ ತೀರ್ಪು. ಮಂಗಳೂರು, ಉಡುಪಿಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಒಂದು ಪಟ್ಟಿ ತೆಗೆದು ಜೋರಾಗಿ ಓದಬೇಕು ಅನಿಸುತ್ತದೆ.

ಅದು ಕಳಿಂಗ ಪ್ರಶಸ್ತಿ ಪಡೆದವರ ಪಟ್ಟಿ. ವಿಜ್ಞಾನವನ್ನು ಜನಸಾಮಾನ್ಯರಿಗೆ ತಲುಪಿಸಿದವರಿಗೆ ಯುನೆಸ್ಕೋ ಕೊಡುವ ಪ್ರಶಸ್ತಿ ಇದು. ಆದರೆ ಶುರುವಾಗಿದ್ದು ನಮ್ಮ ದೇಶದ ದುಡ್ಡಿನಿಂದ. ಒಡಿಶಾದ ಬಿಜು ಪಟ್ನಾಯಕ್ ತಮ್ಮ ಕಳಿಂಗ ಫೌಂಡೇಶನ್ ಟ್ರಸ್ಟ್ ಮೂಲಕ ದೇಣಿಗೆ ಕೊಟ್ಟರು, 1952ರಲ್ಲಿ ಮೊದಲ ಪ್ರಶಸ್ತಿ ಹೋಯಿತು. ಪಟ್ನಾಯಕ್ ಅಂದರೆ ಮುಖ್ಯಮಂತ್ರಿ ಅಂತ ಮಾತ್ರ ಗೊತ್ತಿರುವವರಿಗೆ ಹೇಳಬೇಕು, ಅವರು ಪೈಲಟ್ ಕೂಡ. 1947ರಲ್ಲಿ ಡಚ್ಚರ ಕಣ್ಣು ತಪ್ಪಿಸಿ ಇಂಡೊನೇಷ್ಯಾದ ನಾಯಕ ಸುತಾನ್ ಶಹರೀರ್ ಅವರನ್ನು ವಿಮಾನದಲ್ಲಿ ಹೊರಗೆ ತಂದವರು. ಸ್ವಾತಂತ್ರ್ಯ ಬಂದು ಐದೇ ವರ್ಷ, ದೇಶದಲ್ಲಿ ಅನ್ನಕ್ಕೇ ತತ್ವಾರ. ಅಂಥ ಹೊತ್ತಲ್ಲಿ 'ವಿಜ್ಞಾನ ಹೇಳುವವರಿಗೆ ಜಗತ್ತಿನ ಬಹುಮಾನ ಬೇಕು' ಅಂತ ಒಬ್ಬ ಭಾರತೀಯನಿಗೆ ಹೊಳೆದದ್ದು ನನಗೆ ಇವತ್ತಿಗೂ ಆಶ್ಚರ್ಯ.

ಈಗ ಪಟ್ಟಿ. ಮೊದಲ ಹೆಸರೇ ಲೂಯಿ ಡಿ ಬ್ರಾಯ್. ಎಲೆಕ್ಟ್ರಾನಿಗೂ ಅಲೆಯ ಗುಣ ಇದೆ ಎಂದು ತೋರಿಸಿ 1929ರಲ್ಲೇ ನೊಬೆಲ್ ಪಡೆದವರು. 1956ರಲ್ಲಿ ಭೌತವಿಜ್ಞಾನಿ ಜಾರ್ಜ್ ಗ್ಯಾಮೊ, 1957ರಲ್ಲಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್. 1958ರಲ್ಲಿ ಕಾರ್ಲ್ ಫಾನ್ ಫ್ರಿಶ್, ಜೇನುನೊಣದ ಕುಣಿತದ ಭಾಷೆಯನ್ನು ಬಿಡಿಸಿದವರು. 1969ರಲ್ಲಿ ಕಾನ್ರಾಡ್ ಲೊರೆಂಟ್ಸ್, ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡಿದವರು. ಇಲ್ಲಿ ಸ್ವಲ್ಪ ನಿಲ್ಲಿ. ಫಾನ್ ಫ್ರಿಶ್ ಮತ್ತು ಲೊರೆಂಟ್ಸ್ ಇಬ್ಬರಿಗೂ ನೊಬೆಲ್ ಬಂದದ್ದು 1973ರಲ್ಲಿ. ಅಂದರೆ ಜನರಿಗೆ ಹೇಳಿದ್ದಕ್ಕೆ ಬಹುಮಾನ ಮೊದಲು, ಸಂಶೋಧನೆಯ ನೊಬೆಲ್ ಆಮೇಲೆ. 'ಲ್ಯಾಬಿನಲ್ಲಿ ಕೈಲಾಗದವರು' ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಈ ಅಸಡ್ಡೆ ನಮ್ಮೂರಿನದು ಮಾತ್ರ ಅಲ್ಲ ಅನ್ನಿ. ಟಿವಿ, ಪುಸ್ತಕಗಳ ಮೂಲಕ ಜನರಿಗೆ ಆಕಾಶ ತೋರಿಸಿದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ನೂರಾರು ಸಂಶೋಧನಾ ಲೇಖನ ಬರೆದಿದ್ದರೂ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1992ರಲ್ಲಿ ಅವರಿಗೆ ಸದಸ್ಯತ್ವ ಕೊಡಲಿಲ್ಲ. ಎರಡು ವರ್ಷ ಬಿಟ್ಟು ಅದೇ ಅಕಾಡೆಮಿ ಜನಸೇವೆಯ ಪದಕ ಕೊಟ್ಟಿತು! ಮನೆಯೊಳಗೆ ಕರೆಯದೆ ಜಗಲಿಯಲ್ಲಿ ಕೂರಿಸಿ ಪಾಯಸ ಬಡಿಸಿದ ಹಾಗೆ.

ಪಟ್ಟಿಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಒಂದು ಗುರು-ಶಿಷ್ಯ ಜೋಡಿ. 1967ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್, 1996ರಲ್ಲಿ ಅವರ ಶಿಷ್ಯ ಜಯಂತ ನಾರ್ಳೀಕರ್. ಕೊಲ್ಹಾಪುರದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಹೆಸರು ಮಾಡಿ, ಪುಣೆಯಲ್ಲಿ ಖಗೋಳ ಸಂಸ್ಥೆ ಕಟ್ಟಿದವರು. ಮರಾಠಿಯಲ್ಲಿ ವಿಜ್ಞಾನ ಕಥೆಗಳನ್ನೂ ಬರೆದರು. ಆಟೋಗ್ರಾಫ್ ಕೇಳಿದ ಮಕ್ಕಳಿಗೆ, "ಒಂದು ಪ್ರಶ್ನೆ ಬರೆದು ಪೋಸ್ಟ್‌ಕಾರ್ಡ್ ಹಾಕು, ಉತ್ತರದ ಕೆಳಗೆ ಸಹಿ ಮಾಡಿ ಕಳಿಸ್ತೇನೆ" ಅನ್ನುತ್ತಿದ್ದರಂತೆ. ಆದರೆ ನಾನು ಹೇಳಬೇಕೆಂದಿರುವುದು ಅವರು ಪ್ರಶಸ್ತಿ ಪಡೆದು ಹತ್ತು ವರ್ಷ ದಾಟಿದ ಮೇಲೆ ಮಾಡಿದ ಒಂದು ಪರೀಕ್ಷೆಯ ಬಗ್ಗೆ.

ನಮ್ಮ ಕರಾವಳಿಯಲ್ಲಿ ಜಾತಕ ಅಂದರೆ ದಿನಬಳಕೆಯ ಸಾಮಾನು. ಮದುವೆಗೆ ಬೇಕು, ಮನೆ ಒಕ್ಕಲಿಗೆ ಬೇಕು, ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಜೋಯಿಸರು ಕೂತು ದೇವರ ಇಚ್ಛೆ ಏನು ಎಂದು ನೋಡುವ ಅಷ್ಟಮಂಗಲ ಪ್ರಶ್ನೆಯೇ ಬೇಕು. "ಇದೆಲ್ಲ ಸುಳ್ಳು" ಅಂತ ವೇದಿಕೆಯಲ್ಲಿ ಗುಡುಗುವ ಭಾಷಣಕಾರರೂ ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಕೇಳಿದವರು ಚಪ್ಪಾಳೆ ತಟ್ಟಿ, ಸಂಜೆ ಜೋಯಿಸರ ಮನೆಗೆ ಹೋಗುತ್ತಾರೆ. ನಾರ್ಳೀಕರ್ ಗುಡುಗಲಿಲ್ಲ. ಸಂಖ್ಯಾಶಾಸ್ತ್ರಜ್ಞರಾದ ಸುಧಾಕರ ಕುಂಟೆ, ಅಂಧಶ್ರದ್ಧೆಯ ವಿರುದ್ಧ ದುಡಿಯುತ್ತಿದ್ದ ನರೇಂದ್ರ ದಾಭೋಲ್ಕರ್ ಮುಂತಾದವರ ಜೊತೆ ಸೇರಿ 200 ಜಾತಕ ಒಟ್ಟು ಮಾಡಿದರು. 100 ಓದಿನಲ್ಲಿ ತುಂಬ ಚುರುಕಾದ ಮಕ್ಕಳದ್ದು, 100 ಬುದ್ಧಿಮಾಂದ್ಯ ಮಕ್ಕಳದ್ದು. ಜ್ಯೋತಿಷಿಗಳನ್ನು ಆಹ್ವಾನಿಸಿ, ಒಬ್ಬೊಬ್ಬರಿಗೆ 40 ಜಾತಕ ಕೊಟ್ಟು ಯಾವುದು ಯಾವ ಗುಂಪಿನದು ಹೇಳಿ ಅಂದರು. 51 ಮಂದಿ ಮುಂದೆ ಬಂದರು, ಉತ್ತರ ಕಳಿಸಿದವರು 27. ಸರಾಸರಿ ನೂರಕ್ಕೆ 46 ಸರಿ. ಎಲ್ಲರಿಗಿಂತ ಮೇಲಿದ್ದವರಿಗೆ 40ರಲ್ಲಿ 24. ಗೆಲ್ಲಲು ಬೇಕಿದ್ದದ್ದು 28. ಒಂದು ಜ್ಯೋತಿಷ ಸಂಸ್ಥೆ 200 ಜಾತಕವನ್ನೂ ನೋಡಿ 102 ಸರಿ ಹೇಳಿತು.

ಇದನ್ನು ಹೇಳಿದರೆ ಜನ ತಕ್ಷಣ ಕೇಳುವುದು ಇದು: "40ರಲ್ಲಿ 24 ಸರಿ ಬಂತಲ್ಲ, ಅರ್ಧಕ್ಕಿಂತ ಜಾಸ್ತಿ ಅಲ್ವಾ? 28 ಯಾಕೆ ಕೇಳಿದಿರಿ?" ಒಳ್ಳೆ ಪ್ರಶ್ನೆ. ಇಡೀ ಪರೀಕ್ಷೆಯ ಜೀವ ಇರುವುದೇ ಇಲ್ಲಿ.

ಜಾತಕ ಬದಿಗಿಡಿ, ಕಂಬಳಕ್ಕೆ ಬನ್ನಿ. ಮೂಡುಬಿದಿರೆಯ ಕೋಟಿ-ಚೆನ್ನಯ ಜೋಡುಕರೆ. ಎರಡು ಕರೆ, ಅಂದರೆ ಕೋಣ ಓಡುವ ಎರಡು ಕೆಸರಿನ ಹಾದಿ; ಪ್ರತಿ ಓಟಕ್ಕೆ ಎರಡು ಜೊತೆ ಕೋಣ, ಒಂದು ಗೆಲ್ಲುತ್ತದೆ. ಕೋಣದ ಬಗ್ಗೆ ಏನೂ ಗೊತ್ತಿಲ್ಲದ 32 ಜನರನ್ನು ಗದ್ದೆಯ ಬದಿಗೆ ನಿಲ್ಲಿಸಿ. ಮೊದಲ ಓಟಕ್ಕೆ ಅರ್ಧ ಜನ ಕೋಟಿ ಕರೆ ಅನ್ನಲಿ, ಅರ್ಧ ಜನ ಚೆನ್ನಯ ಕರೆ ಅನ್ನಲಿ. ತಪ್ಪು ಹೇಳಿದವರು ಗೋಳಿಬಜೆ ತಿನ್ನಲು ಹೋಗಲಿ. ಉಳಿದ 16 ಜನ ಮತ್ತೆ ಹಾಗೇ ಅರ್ಧರ್ಧ ಆಗಲಿ. 8, 4, 2. ಐದನೇ ಓಟ ಮುಗಿದಾಗ ಒಬ್ಬ ಉಳಿದಿರುತ್ತಾನೆ, ಐದಕ್ಕೆ ಐದೂ ಸರಿ! ಅವನಿಗೆ ಕೋಣದ ಬಾಲ ಯಾವುದು, ಕಿವಿ ಯಾವುದು ಗೊತ್ತಿರಬೇಕಾಗಿಲ್ಲ. ಆದರೆ ಮರುದಿನ ಅವನ ಮನೆ ಮುಂದೆ ಕ್ಯೂ ಇರುತ್ತದೆ. ಗೋಳಿಬಜೆ ತಿಂದ 31 ಜನರ ನೆನಪು ಯಾರಿಗೂ ಇರುವುದಿಲ್ಲ.

ಈಗ 40 ಓಟ ಅಂದುಕೊಳ್ಳಿ. ಯಾರನ್ನೂ ಹೊರಗೆ ಕಳಿಸುವುದು ಬೇಡ. ಸುಮ್ನೆ ನಾಣ್ಯ ಚಿಮ್ಮಿ ಹೇಳಿದರೂ ಸುಮಾರು 20 ಸರಿ ಬರುತ್ತದೆ. ಸರಿಯಾಗಿ 20 ಅಲ್ಲ. ನಾಲ್ಕರಲ್ಲಿ ಸುಮಾರು ಮೂರು ಸಲ ಅದು 17 ಮತ್ತು 23ರ ನಡುವೆ ಓಲಾಡುತ್ತದೆ. 24 ಅಥವಾ ಹೆಚ್ಚು ಬರುವುದು ನೂರಕ್ಕೆ ಸುಮಾರು 13 ಸಲ. ಹಾಗಾದರೆ 27 ಜನ ನಾಣ್ಯ ಚಿಮ್ಮಿದರೆ ಅವರಲ್ಲಿ ಮೂರ್ನಾಲ್ಕು ಜನ 24 ಮುಟ್ಟಬೇಕು. ನಾರ್ಳೀಕರ್ ಅವರ ಪರೀಕ್ಷೆಯಲ್ಲಿ ಮುಟ್ಟಿದ್ದು ಒಬ್ಬರು! 28 ಬರುವುದೋ, ನಾಣ್ಯದಿಂದ ನೂರರಲ್ಲಿ ಒಂದು ಸಲವೂ ಕಷ್ಟ. ಅದಕ್ಕೇ ಗೆರೆಯನ್ನು ಅಲ್ಲಿ ಎಳೆದದ್ದು. ಅಷ್ಟು ಮೇಲೆ ಹೋದರೆ "ಇಲ್ಲಿ ಅದೃಷ್ಟ ಬಿಟ್ಟು ಬೇರೇನೋ ಇದೆ" ಅಂತ ಒಪ್ಪಲು ಪರೀಕ್ಷೆ ಮಾಡಿದವರೇ ತಯಾರಿದ್ದರು. ಗೆರೆಯನ್ನು ಉತ್ತರ ಬಂದ ಮೇಲೆ ಎಳೆದಿದ್ದರೆ ಅದು ಮೋಸ. ಮೊದಲೇ ಎಳೆದದ್ದರಿಂದ ಪಂದ್ಯ.

ನನ್ನ ಪ್ರಕಾರ ವಿಜ್ಞಾನ ಪ್ರಸಾರ ಅಂದರೆ ಇದೇ. ಕೇಳುಗನ ಕೈಗೆ ನಾಣ್ಯ ಕೊಟ್ಟುಬಿಡುವುದು. ಅವನು ನಂಬಬೇಕಾಗಿಲ್ಲ, ಚಿಮ್ಮಿ ನೋಡಿದರೆ ಸಾಕು. ಮಂಗಳೂರು ಬಳಿಯ ಪಿಲಿಕುಳದ ತಾರಾಲಯದಲ್ಲಿ ಕನ್ನಡಕ ಹಾಕಿಕೊಂಡು ಕಾಣುವ ತ್ರೀಡಿ ಆಕಾಶ ಚಂದವೇ. 2018ರಲ್ಲಿ ಅದು ಬಂದಾಗ ನಾನೂ ಖುಷಿಪಟ್ಟವನೇ. ಆದರೆ ಅಲ್ಲಿ ನಾವು ಪ್ರೇಕ್ಷಕರು ಮಾತ್ರ. ಕಂಬಳದ ಲೆಕ್ಕದಲ್ಲಿ ನಾವೇ ಆಟಗಾರರು.

ಇನ್ನು ಪ್ರಶಸ್ತಿಯ ಮೇಲೆ ನನ್ನ ತಕರಾರು. ಕಳಿಂಗ ಈಗ ಎರಡು ವರ್ಷಕ್ಕೊಮ್ಮೆ. ಹೆಸರು ಸೂಚಿಸುವ ಕೆಲಸ ಮುಖ್ಯವಾಗಿ ಸದಸ್ಯ ದೇಶಗಳ ಸರ್ಕಾರಗಳದ್ದು. ಕುಂದಾಪುರದ ಹೈಸ್ಕೂಲಿನಲ್ಲಿ ತೆಂಗಿನ ಚಿಪ್ಪು, ಸೈಕಲ್ ಟ್ಯೂಬು ಇಟ್ಟುಕೊಂಡು ಪಾಠ ಮಾಡುವ ಮೇಷ್ಟ್ರ ಫೈಲು ದೆಹಲಿ ದಾಟಿ ಪ್ಯಾರಿಸ್ ತಲುಪುವುದು ಕನಸಿನ ಮಾತು. ಕೋಟದ ಶಿವರಾಮ ಕಾರಂತರನ್ನೇ ನೋಡಿ. ಒಬ್ಬರೇ ಕೂತು ಮಕ್ಕಳಿಗೆ ವಿಶ್ವಕೋಶ ಬರೆದರು, ದೊಡ್ಡವರಿಗೆ ಸಂಪುಟಗಟ್ಟಲೆ ವಿಜ್ಞಾನ ಬರೆದರು. 1977ರ ಜ್ಞಾನಪೀಠ ಕಾದಂಬರಿಗೆ ಬಂತು, ಬರಲಿ. ಆದರೆ ಆ ವಿಜ್ಞಾನ ಸಂಪುಟಗಳು ಕಳಿಂಗದ ಪಟ್ಟಿಯಲ್ಲಿ ಇರಬೇಕಿತ್ತು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಕನ್ನಡದಲ್ಲಿ ಬರೆದದ್ದನ್ನು ಓದುವ ತೀರ್ಪುಗಾರ ಎಲ್ಲಿದ್ದಾನೆ?

ಪ್ರಶಸ್ತಿ ಬರದಿದ್ದರೂ ಕೆಲಸ ನಿಂತಿಲ್ಲ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಸಂಘದಂಥ ಗುಂಪುಗಳು ಗ್ರಹಣ, ಧೂಮಕೇತು, ಶೂನ್ಯ ನೆರಳಿನ ದಿನ ಅಂತ ಜನರನ್ನು ಹೊರಗೆ ಎಳೆಯುತ್ತಲೇ ಇವೆ. ಶೂನ್ಯ ನೆರಳು ಅಂದರೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬಂದು, ನೇರ ನಿಂತ ವಸ್ತುವಿನ ನೆರಳು ಪಕ್ಕಕ್ಕೆ ಬೀಳದ ಹೊತ್ತು. ಇದು ಕಂಬಳದ ಲೆಕ್ಕಕ್ಕಿಂತ ಸುಲಭ. "ದಿನಾ ಮಧ್ಯಾಹ್ನ 12ಕ್ಕೆ ಸೂರ್ಯ ನೆತ್ತಿ ಮೇಲೆ" ಎಂದು ನಂಬಿರುವವರನ್ನು ಏಪ್ರಿಲ್ 24ಕ್ಕೆ ಮಂಗಳೂರಿನಲ್ಲಿ ಬಿಸಿಲಿಗೆ ಕರೆಯಿರಿ. ಒಂದು ಬಾಟಲಿ ನೇರ ನಿಲ್ಲಿಸಿ. 12 ಗಂಟೆಗೆ ನೆರಳು ಇರುತ್ತದೆ. 12:28ರ ಆಸುಪಾಸಿಗೆ ಅದು ಬಾಟಲಿಯ ಬುಡದೊಳಗೆ ಸೇರಿಕೊಳ್ಳುತ್ತದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸೂರ್ಯನ ಪ್ರಕಾರ. ಮಂಗಳೂರು ಅದಕ್ಕಿಂತ ಏಳೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷ ತಡ. ಆ ತಿಂಗಳಲ್ಲಿ ಸೂರ್ಯ ಒಂದೆರಡು ನಿಮಿಷ ಮುಂದಿರುವುದರಿಂದ ಅಷ್ಟು ಕಳೆಯಬೇಕು. ಉಡುಪಿ ಇನ್ನೂ ಉತ್ತರಕ್ಕಿರುವುದರಿಂದ ಅಲ್ಲಿ ಒಂದೆರಡು ದಿನ ಬಿಟ್ಟು ನೋಡಬೇಕು. ಆಗಸ್ಟ್ ಮೂರನೇ ವಾರದಲ್ಲಿ ಇನ್ನೊಂದು ಸಲ ಬರುತ್ತದೆ, ಆದರೆ ನಮ್ಮ ಕಡೆ ಆಗಸ್ಟಿನಲ್ಲಿ ಬಿಸಿಲೇ ಇರುವುದಿಲ್ಲವಲ್ಲ, ಏಪ್ರಿಲನ್ನೇ ನಂಬಿಕೊಳ್ಳಿ.