ತೂಬು ಹೊಸದು, ಅಂಗಳದ ತಕರಾರು ಹಳೆಯದು

ಅಮೆರಿಕದ ಹ್ಯೂಸ್ಟನ್ ನಗರದ ಪಶ್ಚಿಮಕ್ಕಿರುವ ಆ್ಯಡಿಕ್ಸ್, ಬಾರ್ಕರ್ ಅಣೆಕಟ್ಟುಗಳನ್ನು ನೋಡಿದರೆ ಅಣೆಕಟ್ಟು ಅನಿಸುವುದೇ ಇಲ್ಲ. ಹುಲ್ಲು ಹೊದ್ದ ಮಣ್ಣಿನ ಏರಿ, ಅಷ್ಟೇ. ಒಂದೊಂದೂ 18 ಕಿಲೋಮೀಟರಿಗಿಂತ ಉದ್ದ. ಒಳಗೆ ಹೆಚ್ಚಿನ ದಿನ ನೀರೂ ಇರದು, ಜನ ಸೈಕಲ್ ಹೊಡೆಯುತ್ತಾರೆ. ಜೋರು ಮಳೆ ಬಂದಾಗ ನೀರು ಹಿಡಿದಿಟ್ಟು, ಆಮೇಲೆ ನಿಧಾನಕ್ಕೆ ಬಫಲೋ ಬಾಯೂ ಹೊಳೆಗೆ ಬಿಡುವುದು ಇವುಗಳ ಕೆಲಸ.

1929 ಮತ್ತು 1935ರಲ್ಲಿ ಹ್ಯೂಸ್ಟನ್ ಪೇಟೆಗೆ ನೀರು ನುಗ್ಗಿತ್ತು. ಆಗ ಹುಟ್ಟಿದ ಯೋಜನೆ ಇದು. ಅಮೆರಿಕ ಸೇನೆಯ ಎಂಜಿನಿಯರ್ ದಳ 1940ರ ದಶಕದಲ್ಲಿ ಎರಡನ್ನೂ ಕಟ್ಟಿ ಮುಗಿಸಿತು. ಒಂದೊಂದು ಏರಿಗೂ ಐದು ತೂಬು. ಮೊದಲಿಗೆ ಹೆಚ್ಚಿನವಕ್ಕೆ ಗೇಟೇ ಇರಲಿಲ್ಲ, ನೀರು ಬಂದಂತೆ ಹೋಗುತ್ತಿತ್ತು. ಹೊಳೆಯುದ್ದಕ್ಕೂ ಮನೆಗಳು ಎದ್ದವು. 1960ರ ದಶಕದ ಹೊತ್ತಿಗೆ ಎಲ್ಲ ತೂಬಿಗೂ ಗೇಟು ಬಂತು. ಅಲ್ಲಿಂದ ನೀರು ಒಳಗೆ ಜಾಸ್ತಿ ಹೊತ್ತು ನಿಲ್ಲತೊಡಗಿತು. ಏರಿ ಜಿನುಗತೊಡಗಿದಾಗ ಅದರೊಳಗೆ ಆಳದ ಕಂದಕ ತೋಡಿ ಜೇಡಿಮಣ್ಣಿನ ಗೋಡೆ ಇಳಿಸಿದರು.

ಆದರೆ ಮಣ್ಣಿನ ಏರಿಯ ನಿಜವಾದ ನೋವಿನ ಜಾಗ ತೂಬು. ಕಾಂಕ್ರೀಟಿಗೂ ಮಣ್ಣಿಗೂ ಪೂರ್ತಿ ಬೆಸುಗೆ ಬೀಳುವುದಿಲ್ಲ. ಕೊಳವೆಯ ಹೊರಮೈ ಹಿಡಿದು ನೀರು ದಾರಿ ಮಾಡಿಕೊಳ್ಳುತ್ತದೆ. ಹೋಗುವಾಗ ಒಂದೊಂದೇ ಕಣ ಮಣ್ಣು ಹೊತ್ತೊಯ್ಯುತ್ತದೆ. ಮೇಲೆ ಹುಲ್ಲು ಹಸಿರಾಗಿಯೇ ಇರುತ್ತದೆ, ಅಡಿಯಲ್ಲಿ ಪೊಳ್ಳು. ಇಲ್ಲಿ ಆದದ್ದೂ ಅದೇ. 2009ರಲ್ಲಿ ಎರಡಕ್ಕೂ ‘ಅತಿ ಹೆಚ್ಚಿನ ಅಪಾಯ’ದ ಪಟ್ಟ ಸಿಕ್ಕಿತು. ನಾಳೆಯೇ ಒಡೆಯುತ್ತದೆ ಅಂತಲ್ಲ. ಒಡೆದರೆ ಕೆಳಗೆ ಇಡೀ ನಗರವೇ ಇದೆಯಲ್ವಾ, ಅದಕ್ಕೆ.

ಸದ್ಯಕ್ಕೆ ಪೊಳ್ಳು ತುಂಬಿದರು. ಹಳೆಯ ತೂಬು ಬಿಟ್ಟು ಹೊಸದನ್ನೇ ಕಟ್ಟುವ, 7 ಕೋಟಿ ಡಾಲರ್ ದಾಟಿದ ಗುತ್ತಿಗೆಯೂ ಆಯಿತು. ಕೆಲಸ ಇನ್ನೂ ನಡೆಯುತ್ತಿತ್ತು. ಅಷ್ಟರಲ್ಲಿ, 2017ರ ಆಗಸ್ಟ್‌ನಲ್ಲಿ, ಹಾರ್ವಿ ಚಂಡಮಾರುತ ಬಂತು.

ಮಾಮೂಲಿಗೆ ಎರಡೂ ಕಡೆಯಿಂದ ಸೇರಿ 2 ಸಾವಿರ ಕ್ಯೂಸೆಕ್ ದಾಟದಂತೆ ನೋಡಿಕೊಳ್ಳುತ್ತಿದ್ದರು. ಅವತ್ತು ಹರಿವು 13 ಸಾವಿರದ ಆಸುಪಾಸಿಗೆ ಹೋಯಿತು. ಆ್ಯಡಿಕ್ಸ್ ಏರಿಯ ಒಂದು ತುದಿ ಬಳಸಿಕೊಂಡು ನೀರು ಹೊರಬಂತು. ಏರಿಗಳು ನಿಂತವು. ಮುಳುಗಿದ್ದು ಮನೆಗಳು, ಏರಿಯ ಕೆಳಗಿನವೂ, ಒಳಗಿನವೂ.

ಒಳಗೆ ಮನೆ ಯಾಕಿತ್ತು? ನೀರು ಪೂರ್ತಿ ತುಂಬಿದರೆ ಎಲ್ಲಿಯತನಕ ನಿಲ್ಲುತ್ತದೋ ಅಷ್ಟೂ ಜಾಗವನ್ನು ಸರ್ಕಾರ 1940ರ ದಶಕದಲ್ಲಿ ಕೊಳ್ಳಲಿಲ್ಲ. ಆಗ ಅದು ಭತ್ತದ ಗದ್ದೆ, ದನ ಮೇಯುವ ಬಯಲು. ಮುಂದೆ ಅಲ್ಲೇ ಬಡಾವಣೆ ಎದ್ದವು. ಬಾರ್ಕರ್ ಕಡೆಯ ಕೆಲವು ಬಡಾವಣೆಗಳ ನಕ್ಷೆಯ ಮೂಲೆಯಲ್ಲಿ ನೀರು ನುಗ್ಗಬಹುದು ಎಂಬ ಒಂದು ಸಾಲು ಸಣ್ಣಕ್ಷರದಲ್ಲಿತ್ತು. ಮನೆ ಕೊಳ್ಳುವವರು ಅದನ್ನೆಲ್ಲಿ ಓದುತ್ತಾರೆ?

ಹೊಸ ತೂಬುಗಳು 2020ರ ಹೊತ್ತಿಗೆ ಮುಗಿದವು. ಖರ್ಚಾದ್ದು ಸಾರ್ಥಕವೇ. ಆದರೆ ಅವು ಒಳಗಿನ ಜಾಗವನ್ನು ಒಂದಿಂಚೂ ಹಿಗ್ಗಿಸಿಲ್ಲ. ಒಳಗಿನ ಮನೆಯವರು ಕೋರ್ಟಿಗೆ ಹೋದರು. 2019ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶರು, ಖಾಸಗಿ ಜಮೀನನ್ನು ನೀರು ನಿಲ್ಲಿಸಲು ಬಳಸಿಕೊಂಡ ಸರ್ಕಾರವೇ ಇದಕ್ಕೆ ಹೊಣೆ ಎಂದರು. ಮೂರನೆಯ ಅಣೆಕಟ್ಟು ಬೇಕೇ, ಹೊಳೆ ಅಗಲ ಮಾಡಬೇಕೇ, ನೆಲದಡಿ ಸುರಂಗ ಕೊರೆಯಬೇಕೇ ಎಂಬ ವಾದ ಆಮೇಲೂ ಮುಂದುವರಿಯಿತು.