ಅರ್ಟೆಟಾ ಸ್ಪೇನ್ ಪರ ಏಕೆ ಆಡಲಿಲ್ಲ?

ಪ್ರಶ್ನೆ: ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಅರ್ಸೆನಲ್‌ನ ನಾಯಕರಾಗಿದ್ದ ಮಿಕೆಲ್ ಅರ್ಟೆಟಾ ಸ್ಪೇನ್ ಹಿರಿಯರ ತಂಡಕ್ಕೆ ಒಂದು ಪಂದ್ಯವನ್ನೂ ಆಡಿಲ್ಲವಂತೆ, ನಿಜವೇ? ಅಂಥ ಆಟಗಾರನಿಗೆ ಏನು ಕಡಿಮೆಯಾಗಿತ್ತು?
– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ನಿಜ. ಕಡಿಮೆಯಾಗಿದ್ದು ಜಾಗ. ಅವರ ಕಾಲದ ಸ್ಪೇನ್ ನಡುಮೈದಾನದಲ್ಲಿ ಶಾವಿ, ಇನಿಯೆಸ್ಟಾ, ಫ್ಯಾಬ್ರೆಗಾಸ್, ಶಾಬಿ ಅಲೊನ್ಸೊ ಇದ್ದರು. 2008ರ ಯೂರೊ (ಯುರೋಪ್ ದೇಶಗಳ ಕಪ್), 2010ರ ವಿಶ್ವಕಪ್, 2012ರ ಯೂರೊ ಗೆದ್ದ ಮಂದಿ! ಇವರಲ್ಲಿ ಅಲೊನ್ಸೊ, ಸಾನ್ ಸೆಬಾಸ್ಟಿಯನ್ ಊರಿನಲ್ಲಿ ಅರ್ಟೆಟಾ ಜೊತೆಗೇ ಚೆಂಡು ಒದ್ದು ಬೆಳೆದ ಗೆಳೆಯ. ಇದು ಸಾಲದೆಂಬಂತೆ 2009ರ ಫೆಬ್ರುವರಿಯಲ್ಲಿ ಅರ್ಟೆಟಾ ಮೊಣಕಾಲಿಗೆ ಪೆಟ್ಟಾಗಿ ಸುಮಾರು ಒಂದು ವರ್ಷ ಹೊರಗುಳಿದರು.

2010ರಲ್ಲಿ ಅವರನ್ನು ಇಂಗ್ಲೆಂಡ್ ಪರ ಆಡಿಸುವ ಮಾತೂ ಎದ್ದಿತ್ತು. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದರಿಂದ ಪೌರತ್ವ ಸಿಗುವಂತಿತ್ತು. ಅಡ್ಡ ಬಂದದ್ದು ಫಿಫಾ ನಿಯಮ: ಸ್ಪೇನ್ ಕಿರಿಯರ ತಂಡದಲ್ಲಿ ಅಧಿಕೃತ ಪಂದ್ಯ ಆಡುವಾಗಲೇ ಬ್ರಿಟಿಷ್ ಪಾಸ್‌ಪೋರ್ಟ್ ಕೂಡ ಇರಬೇಕಿತ್ತು. ಹದಿಹರೆಯದ ಹುಡುಗನ ಬಳಿ ಅದು ಎಲ್ಲಿಂದ ಬರಬೇಕು?

ಕಳೆದ ಭಾನುವಾರ ಲೇಲೆ ಮೈದಾನದಲ್ಲಿ ಒಬ್ಬ ಹುಡುಗನನ್ನು ಕಂಡೆ. ಕೈಗವಸು ಬಿಗಿದುಕೊಂಡು ಗೋಲುಕಂಬದ ಹಿಂದೆ ಕುಳಿತಿದ್ದ. ಹೊರಗೆ ಹೋದ ಚೆಂಡು ತಂದುಕೊಡುವುದೇ ಅವನ ಕೆಲಸ, ಏಕೆಂದರೆ ಗೋಲು ಕಾಯಲು ಅವನಿಗಿಂತ ಒಂದು ಗೇಣು ಎತ್ತರದವನೊಬ್ಬನಿದ್ದ. ಗೋಲ್‌ಕೀಪರ್‌ಗಳ ಹಣೆಬರಹವೇ ಹಾಗೆ, ಇರುವುದು ಒಂದೇ ಜಾಗ. ಚೆಲ್ಸಿಯ ಕಾರ್ಲೊ ಕುಡಿಚಿನಿ ಎಷ್ಟು ಚೆನ್ನಾಗಿ ಆಡಿದರೇನು, ಇಟಲಿಯ ಗೋಲಿನಲ್ಲಿ ಬುಫಾನ್ ನಿಂತುಬಿಟ್ಟಿದ್ದರು, ಅದೂ 176 ಪಂದ್ಯಗಳಿಗೆ.

ಸ್ಟೀವ್ ಬ್ರೂಸ್ ವಿಷಯದಲ್ಲಿ ಮಾತ್ರ ನನಗೆ ಈ ಸಮಾಧಾನ ಸಾಲದು. ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ ಮೂರು ಪ್ರೀಮಿಯರ್ ಲೀಗ್ ಗೆದ್ದವರು. ರಕ್ಷಣಾ ಆಟಗಾರನಾಗಿದ್ದೂ 1990–91ರ ಒಂದೇ ಋತುವಿನಲ್ಲಿ 19 ಗೋಲು ಹೊಡೆದವರು. ಪೆನಾಲ್ಟಿಗಳೇ ಹೆಚ್ಚು, ಒಪ್ಪೋಣ. ಆದರೂ ಇಂಗ್ಲೆಂಡ್ ಹಿರಿಯರ ತಂಡದಲ್ಲಿ ಒಂದೇ ಒಂದು ಪಂದ್ಯವನ್ನಾದರೂ ಕೊಡಬಾರದಿತ್ತೇ?

ನಮಗೆ ಹತ್ತಿರದ ಕಥೆ ಮೈಕೆಲ್ ಚೋಪ್ರಾ ಅವರದು. ತಂದೆಯ ಕಡೆಯಿಂದ ಭಾರತೀಯ ಮೂಲ, ಹುಟ್ಟಿದ್ದು ನ್ಯೂಕಾಸಲ್‌ನಲ್ಲಿ. 2006ರಲ್ಲಿ ಅದೇ ಊರಿನ ತಂಡದ ಪರ ಸಂಡರ್‌ಲ್ಯಾಂಡ್ ವಿರುದ್ಧ ಬದಲಿಯಾಗಿ ಇಳಿದು, ಕಾಲಿಗೆ ಸಿಕ್ಕ ಮೊದಲ ಚೆಂಡನ್ನೇ ಗೋಲಿಗೆ ಸೇರಿಸಿದರು. ಇಂಗ್ಲೆಂಡ್ ಹಿರಿಯರ ತಂಡ ಕರೆಯಲಿಲ್ಲ. ಭಾರತದ ಪರ ಆಡುವ ಆಸೆ ಇತ್ತು, ಆದರೆ ಇಲ್ಲಿ ಇಬ್ಬಗೆಯ ಪೌರತ್ವಕ್ಕೆ ಅವಕಾಶವಿಲ್ಲ; ಬ್ರಿಟಿಷ್ ಪಾಸ್‌ಪೋರ್ಟ್ ಬಿಟ್ಟುಕೊಡಬೇಕಿತ್ತು. ಕೊನೆಗೆ 2014ರಲ್ಲಿ ಕೇರಳ ಬ್ಲಾಸ್ಟರ್ಸ್ ಸೇರಿ ಭಾರತದ ನೆಲದಲ್ಲಿ ಆಡಿದರು, ವಿದೇಶಿ ಆಟಗಾರರಾಗಿ.